ಅಕ್ಕಿ ಸಿಗುತ್ತದೆ, ಜೊತೆಗೆ ಬೇಕಾದದ್ದಕ್ಕೆ ದುಡ್ಡಿಲ್ಲ: ಹಾಸನದಲ್ಲಿ 16 ಸಾವಿರಕ್ಕೆ ಐದು ಜನರ ಮನೆ

ಫಾಲ್ಸ್_ಜಿಗ್‌ಜಾಗ್ (ಚರ್ಚೆ ಶುರು ಮಾಡಿದವರು)
ಎಲ್ಲರಿಗೂ ನಮಸ್ಕಾರ. ನಾವು ತಣ್ಣೀರುಹಳ್ಳದ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರದ್ದು ಪೇಂಟಿಂಗ್ ಕೆಲಸ. ನಾನು ಮನೆಯಲ್ಲೇ ಸೀರೆಗೆ ಫಾಲ್ಸ್, ಜಿಗ್‌ಜಾಗ್ ಹೊಡೆಯುತ್ತೇನೆ. ಅತ್ತೆ ಜೊತೆಗಿದ್ದಾರೆ. ಇಬ್ಬರು ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರೆ.

ಕೆಲಸ ಚೆನ್ನಾಗಿರುವ ತಿಂಗಳು ಇಬ್ಬರದ್ದೂ ಸೇರಿ 16 ಸಾವಿರ, 16 ಸಾವಿರದ ಐನೂರು ಬರುತ್ತದೆ. ಹೋಗುವ ಲೆಕ್ಕ ಹೀಗಿದೆ. ಬಾಡಿಗೆ 5,000. ಸಂಘದ ಸಾಲ ವಾರಕ್ಕೆ 650. ಗ್ಯಾಸ್, ದಿನಕ್ಕೆ ಅರ್ಧ ಲೀಟರ್ ಹಾಲು, ಅತ್ತೆಯ ಬಿಪಿ ಶುಗರ್ ಮಾತ್ರೆ, ಗಾಡಿಗೆ ಪೆಟ್ರೋಲ್, ಎರಡು ಫೋನಿಗೆ ರೀಚಾರ್ಜ್, ಮನೆ ಓನರಿಗೆ ಕರೆಂಟ್ ದುಡ್ಡು 200. ಇಷ್ಟು ಕಳೆದರೆ ದಿನಸಿ, ತರಕಾರಿ, ಮೊಟ್ಟೆ, ಸೋಪು, ಬಟ್ಟೆ, ಹಬ್ಬ ಎಲ್ಲದಕ್ಕೂ ಸೇರಿ 5 ಸಾವಿರ ಉಳಿಯುತ್ತದೆ. 20ನೇ ತಾರೀಖಿನ ನಂತರ ಅಂಗಡಿಯಲ್ಲಿ ಬರೆಸಿ ತರುವುದೇ.

ಸೊಸೈಟಿ ಅಕ್ಕಿ ಬರುತ್ತದೆ. ಅಕ್ಕಿಗೆ ತೊಂದರೆ ಇಲ್ಲ. ಆದರೆ ಬರೀ ಅನ್ನ ತಿನ್ನುವುದಕ್ಕಾಗುತ್ತದಾ? ಬೇಳೆ, ಎಣ್ಣೆ, ಕಾಯಿ, ಹಾಲು ಇವೇ ಕುತ್ತಿಗೆಗೆ ಬರುವುದು. ಹಾಸನದಲ್ಲಿ ನಿಮ್ಮ ಮನೆಗಳಲ್ಲಿ ಹೇಗೆ ನಡೆಸುತ್ತೀರಿ? ಎಲ್ಲಿ ಕೊಳ್ಳುತ್ತೀರಿ? ಏನು ಕಡಿಮೆ ಮಾಡಬಹುದು?

ಬಿಎಂರೋಡ್_ಗೌಡ್ರು
ಸುಮ್ನೆ ಒಂದು ಮಾತು. ಎರಡು ಫೋನ್ ಯಾಕೆ? ಗಾಡಿ ಯಾಕೆ? ಅಕ್ಕಿ ಫ್ರೀ, ಬಸ್ ಫ್ರೀ, ಕರೆಂಟ್ ಫ್ರೀ, ತಿಂಗಳಿಗೆ ಎರಡು ಸಾವಿರ ಬೇರೆ. ನಮ್ಮ ಅಪ್ಪ ಇಷ್ಟೂ ಇಲ್ಲದೆ ಆರು ಜನರನ್ನು ಸಾಕಿದರು.

ಗಾರ್ಮೆಂಟ್ಸ್_ಅಕ್ಕ
ಗೌಡ್ರೇ, ನಿಮ್ಮ ಅಪ್ಪಾಜಿಗೆ ಊರಲ್ಲಿ ಮನೆ ಇತ್ತಲ್ವಾ? ಹಿತ್ತಲಲ್ಲಿ ಸೊಪ್ಪು, ಅಟ್ಟದಲ್ಲಿ ರಾಗಿ, ಕೊಟ್ಟಿಗೆಯಲ್ಲಿ ಒಂದು ಹಸು? ಟೌನಿನಲ್ಲಿ ಕರಿಬೇವೂ ಕೊಂಡೇ ತರಬೇಕು.

ಫೋನ್ ವಿಷಯ. ಪೇಂಟರಿಗೆ ಕೆಲಸ ಬರುವುದೇ ಫೋನಿನಲ್ಲಿ. ಮೇಸ್ತ್ರಿ ರಾತ್ರಿ ಕರೆ ಮಾಡಿದಾಗ ಎತ್ತದಿದ್ದರೆ ಮಾರನೇ ದಿನ ಬೇರೆಯವನು ಹೋಗಿರುತ್ತಾನೆ. ಮನೆಯಲ್ಲಿ ಒಂದು ಬೇಕೇ ಬೇಕು. ಸ್ಕೂಲಿನ ಮೆಸೇಜು, ಗ್ಯಾಸ್ ಬುಕಿಂಗು, ಬ್ಯಾಂಕಿನ ಒಟಿಪಿ ಎಲ್ಲ ಅದಕ್ಕೇ ಬರುವುದು. ಗಾಡಿ ಇಲ್ಲದೆ ಡಬ್ಬ, ಬ್ರಶ್ಶು, ಏಣಿ ಹೊತ್ತುಕೊಂಡು ಬಸ್ಸಿನಲ್ಲಿ ಹೋಗುವುದಕ್ಕಾಗುತ್ತದಾ? ಶಕ್ತಿ ಯೋಜನೆ ಹೆಂಗಸರಿಗೆ ಮಾತ್ರ. ಗಂಡಸರಿಗೆ 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15 ಏರಿತು.

ಲೆಕ್ಕದ_ಮೇಷ್ಟ್ರು
ತಂಗೀ, ಲೆಕ್ಕ ಬಿಡಿಸಿ ಬರೆದದ್ದು ಒಳ್ಳೆಯದಾಯಿತು. ಗೌಡ್ರಿಗೂ ಒಂದು ಅಂಕಿ ಹೇಳುತ್ತೇನೆ. ಕೇಂದ್ರ ಸರ್ಕಾರದ 2023-24ರ ಮನೆಖರ್ಚಿನ ಸಮೀಕ್ಷೆ ಇದೆ. ದೇಶದ ನಗರಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ. ಅದರಲ್ಲಿ ಹೆಚ್ಚು ಕಡಿಮೆ ಶೇ 40 ಊಟ ತಿಂಡಿಗೆ. ಐದು ಜನಕ್ಕೆ ಗುಣಿಸಿದರೆ ಒಟ್ಟು 35 ಸಾವಿರ, ಊಟಕ್ಕೇ 14 ಸಾವಿರದ ಹತ್ತಿರ. ಬೆಂಗಳೂರು, ಮುಂಬೈ ಎಲ್ಲ ಸೇರಿದ ಸರಾಸರಿ ಅದು, ಹಾಸನಕ್ಕೆ ಹಾಗೇ ಹೊಂದಿಸುವುದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಈ ತಂಗಿಯ ಮನೆಯ ಒಟ್ಟು ದುಡಿಮೆಯೇ ಅದರ ಅರ್ಧ ದಾಟುವುದಿಲ್ಲ. ಇದರಲ್ಲಿ ದುಂದು ಎಲ್ಲಿದೆ ತೋರಿಸಿ ನೋಡೋಣ.

ನನಗೆ ಕಣ್ಣಿಗೆ ಹೊಡೆದದ್ದು ಸಂಘದ ಕಂತು. ನಾಲ್ಕು ವಾರಕ್ಕೆ 2,600. ಆ ಸಾಲ ಯಾತಕ್ಕೆ ತೆಗೆದಿರಿ, ಹೇಳಬಹುದಾದರೆ ಹೇಳಿ.

ಫಾಲ್ಸ್_ಜಿಗ್‌ಜಾಗ್
ಮನೆ ಅಡ್ವಾನ್ಸಿಗೆ ಮೇಷ್ಟ್ರೇ. ಹಳೇ ಮನೆ ಓನರು ಮಗನ ಮದುವೆ ಅಂತ ಖಾಲಿ ಮಾಡಿಸಿದರು. ಈ ಮನೆಗೆ 40 ಸಾವಿರ ಕೇಳಿದರು. ಹಳೇ ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆ ಅಂತ ಮುರಿದುಕೊಂಡು ಉಳಿದದ್ದನ್ನು ತಡವಾಗಿ ಕೊಟ್ಟರು. ತಮಾಷೆ ಏನೆಂದರೆ ಯಜಮಾನರೇ ಪೇಂಟರು, ನಾವೇ ಬಳಿದು ಕೊಡುತ್ತೇವೆ ಎಂದರೂ ಕೇಳಲಿಲ್ಲ.

ಲೆಕ್ಕದ_ಮೇಷ್ಟ್ರು
ಅಲ್ಲೇ ಇದೆ ನೋಡಿ. 40 ಸಾವಿರ ಓನರ ಹತ್ತಿರ ಬಡ್ಡಿ ಇಲ್ಲದೆ ಕುಳಿತಿದೆ. ಅದೇ 40 ಸಾವಿರಕ್ಕೆ ಇವರು ವಾರ ವಾರ ಬಡ್ಡಿ ಕಟ್ಟುತ್ತಿದ್ದಾರೆ. ಬಾಡಿಗೆ 5,000 ಅಂತ ಕಾಣುತ್ತದೆ, ನಿಜವಾದ ಬಾಡಿಗೆ ಅದಕ್ಕಿಂತ ಜಾಸ್ತಿ. ಬೇಳೆ ರೇಟು ಏರಿತು ಅಂತ ನಾವು ಅಂಗಡಿಯವನನ್ನು ಬೈಯುತ್ತೇವೆ. ತಟ್ಟೆಯಿಂದ ಬೇಳೆ ಕಿತ್ತುಕೊಂಡು ಹೋಗುತ್ತಿರುವುದು ಬಾಡಿಗೆ ಮತ್ತು ಕಂತು. ಇವೆರಡಕ್ಕೆ ತಾರೀಖು ಇದೆ, ವಾರ ಇದೆ, ಬಾಗಿಲಿಗೆ ಬಂದು ಕೇಳುವವರಿದ್ದಾರೆ. ಊಟಕ್ಕೆ ಹಾಗೆ ಕೇಳುವವರು ಯಾರೂ ಇಲ್ಲ. ಅದಕ್ಕೇ ಕೈ ಹಿಡಿಯುವುದು ಯಾವಾಗಲೂ ಊಟದ ಮೇಲೆ.

ಕಂತು ತಪ್ಪಿದಾಗ ಯಾರಾದರೂ ಮನೆ ಮುಂದೆ ಬಂದು ಗಲಾಟೆ ಮಾಡಿದರೆ ಸುಮ್ಮನಿರಬೇಡಿ. 2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸುಗ್ರೀವಾಜ್ಞೆ ತಂದಿತು. ಪೊಲೀಸರಿಗೆ ದೂರು ಕೊಡಬಹುದು.

ಬಿಎಂರೋಡ್_ಗೌಡ್ರು
ಎಲ್ಲ ಸರಿ. ತಿಂಗಳಿಗೆ 16 ಸಾವಿರ ಅಂದರೆ ವರ್ಷಕ್ಕೆ 1.9 ಲಕ್ಷ. ಬಿಪಿಎಲ್ ಮಿತಿ 1.2 ಲಕ್ಷ. ಕಾರ್ಡ್ ಹೇಗೆ ಬಂತು?

ಫಾಲ್ಸ್_ಜಿಗ್‌ಜಾಗ್
ಚೆನ್ನಾಗಿರುವ ತಿಂಗಳಿನ ಲೆಕ್ಕ ಅದು ಅಂತ ಮೊದಲೇ ಬರೆದಿದ್ದೇನೆ ಅಣ್ಣ. ಜೂನ್‌ನಿಂದ ಹಾಸನದ ಮಳೆ ನಿಮಗೂ ಗೊತ್ತು. ಹೊರಗೋಡೆಗೆ ಬ್ರಶ್ ಇಡುವ ಹಾಗಿಲ್ಲ. ಕೆಲವು ವಾರ ಎರಡು ದಿನದ ಕೂಲಿಯೂ ಸಿಗುವುದಿಲ್ಲ.

ಲೆಕ್ಕದ_ಮೇಷ್ಟ್ರು
ಗೌಡ್ರು ಕೇಳಿದ್ದು ನಿಯಮದ ಪ್ರಶ್ನೆ, ತಪ್ಪಲ್ಲ. ಆದರೆ ನಿಯಮವನ್ನೇ ನೋಡಿ. ವರ್ಷಕ್ಕೆ 1.2 ಲಕ್ಷ ಎಂದರೆ ತಿಂಗಳಿಗೆ 10 ಸಾವಿರ. ಹಾಸನದಲ್ಲಿ ಎರಡು ರೂಮಿನ ಮನೆಗೇ ಅದರ ಅರ್ಧ ಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿದರೆ ಯಾವ ಮನೆ ಆ ಗೆರೆಯ ಒಳಗೆ ಉಳಿಯುತ್ತದೆ? ಗೆರೆ ದಾಟಿದ ತಕ್ಷಣ ಅಕ್ಕಿ ಹೋಗುತ್ತದೆ, ಅದರ ಹಿಂದೆ ಎಷ್ಟೋ ಹೋಗುತ್ತದೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದಾಗುತ್ತಿದೆ ಅಂತ ರಾಜ್ಯದಲ್ಲೆಲ್ಲ ಗದ್ದಲ ಎದ್ದಾಗ ಜನ ಹೆದರಿದ್ದು ಅದಕ್ಕೇ. ಕಾರು ಇಟ್ಟುಕೊಂಡವರ ಕಾರ್ಡ್ ತೆಗೆಯಲಿ, ನನ್ನ ತಕರಾರಿಲ್ಲ. ಟೌನಿನ ಕೂಲಿ ಮನೆಗೆ ಆ ಮಿತಿ ಹೊಂದುವುದಿಲ್ಲ.

ತರಕಾರಿ_ಗಾಡಿ
ನಾನು ಗಾಡಿಯಲ್ಲಿ ತರಕಾರಿ ಮಾರುತ್ತೇನೆ. ಹೊಸಲೈನ್ ರೋಡು, ಪೆನ್ಷನ್ ಮೊಹಲ್ಲಾ ಕಡೆ. ಅಕ್ಕ ಎಲ್ಲಿ ಕೊಳ್ಳಬೇಕು ಅಂತ ಕೇಳಿದರಲ್ಲ, ಅದಕ್ಕೆ ಹೇಳುತ್ತೇನೆ.

ಕಟ್ಟಿನಕೆರೆ ಮಾರ್ಕೆಟ್ಟಿಗೆ ಬೆಳಿಗ್ಗೆ ಹೋಗಬೇಡಿ. ಬೆಳಿಗ್ಗೆ ಮಾಲು ಫ್ರೆಶ್, ರೇಟೂ ಗಟ್ಟಿ. ಸಂಜೆ ಏಳರ ಮೇಲೆ ಸೊಪ್ಪು ಉಳಿದರೆ ನಾಳೆಗೆ ಕೊಳೆಯುತ್ತದೆ ಅಂತ ನಮಗೇ ಭಯ. ಆಗ ಎರಡು ಕಟ್ಟಿನ ದುಡ್ಡಿಗೆ ಮೂರು ಕೊಡುತ್ತೇವೆ. ಮಂಗಳವಾರದ ಸಂತೆಯಲ್ಲೂ ಅದೇ. ಕತ್ತಲಾಗುವ ಹೊತ್ತಿಗೆ ಕೆ.ಜಿ. ಬಿಟ್ಟು ಗುಡ್ಡೆ ಲೆಕ್ಕ ಶುರುವಾಗುತ್ತದೆ. ಹಳ್ಳಿಯಿಂದ ಬಂದವರಿಗೆ ಕೊನೇ ಬಸ್ಸಿನ ಆತುರ ಇರುತ್ತದೆ. ಗುಡ್ಡೆಯ ಕೆಳಗೆ ಕೈ ಹಾಕಿ ನೋಡಿಯೇ ತೆಗೆದುಕೊಳ್ಳಿ, ನಾನೇ ಹೇಳುತ್ತಿದ್ದೇನೆ.

ನಮ್ಮ ಜಿಲ್ಲೆಯ ಆಲೂಗಡ್ಡೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಆಗ ಸೋವಿ. ಮುಂಚೆ ಇನ್ನೂ ಜಾಸ್ತಿ ಬರುತ್ತಿತ್ತು. ಅಂಗಮಾರಿ ರೋಗಕ್ಕೆ ಬೇಸತ್ತು ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದರು. ಅವರೆಕಾಯಿ ಡಿಸೆಂಬರ್, ಜನವರಿ. ಟೊಮೆಟೊ ಮಾತ್ರ ನಂಬುವ ಹಾಗಿಲ್ಲ. 2023ರ ಜುಲೈನಲ್ಲಿ ಕೆ.ಜಿ. ನೂರು ದಾಟಿದಾಗ ಬೇಲೂರು ತಾಲ್ಲೂಕಿನಲ್ಲಿ ರಾತ್ರೋರಾತ್ರಿ ಹೊಲದಿಂದಲೇ ಕಳವಾದದ್ದು ನೆನಪಿದೆಯಲ್ಲ. ಆ ತಿಂಗಳು ನಾನೇ ಮನೆಯಲ್ಲಿ ಹುಣಸೆಹಣ್ಣಿನ ಸಾರು ತಿಂದೆ.

ಇನ್ನೊಂದು. ಗಾಡಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಿ, ಪಕ್ಕದ ಎಸಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಸೊಪ್ಪಿಗೆ ಕೇಳಿದಷ್ಟು ಕೊಡುವವರು ಇದನ್ನು ಓದುತ್ತಿದ್ದರೆ, ಮಾತು ನಿಮಗೇ.

ಕೆಎ13_ಆಟೋ
ಹಹ್ಹಾ, ಕೊನೇ ಸಾಲು ಸರಿಯಾಗಿ ಹೇಳಿದಿರಿ ಅಣ್ಣ.

ಗಾರ್ಮೆಂಟ್ಸ್_ಅಕ್ಕ
ಸಂಜೆ ಏಳಕ್ಕೆ ಮಾರ್ಕೆಟ್ಟಿಗೆ ಹೋಗುವುದು ಹೇಳುವಷ್ಟು ಸುಲಭ ಇಲ್ಲ. ನಾನು ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಿಂದ ಇಳಿಯುವಾಗಲೇ ಆರೂವರೆ. ಮಕ್ಕಳು ಹಸಿದಿರುತ್ತಾರೆ. ಬೀದಿ ಕೊನೆಯ ಅಂಗಡಿಯಲ್ಲಿ ಕಾಲು ಕೆ.ಜಿ. ಬೇಳೆ, ಒಂದು ಸಣ್ಣ ಪ್ಯಾಕೆಟ್ ಎಣ್ಣೆ, ಐದು ರೂಪಾಯಿ ಸಾಂಬಾರ್ ಪುಡಿ ತರುತ್ತೇನೆ. ಹೀಗೆ ಚಿಲ್ಲರೆ ಚಿಲ್ಲರೆ ತಂದರೆ ಕೆ.ಜಿ. ಲೆಕ್ಕದಲ್ಲಿ ಜಾಸ್ತಿ ಬೀಳುತ್ತದೆ, ಗೊತ್ತು. ಒಟ್ಟಿಗೆ ತರಲು ಒಟ್ಟಿಗೆ ದುಡ್ಡು ಬೇಕಲ್ಲ.

ಮೇಷ್ಟ್ರು ಬಾಡಿಗೆ, ಕಂತು ಎಂದರು. ನಾನು ಮೂರನೆಯದು ಸೇರಿಸುತ್ತೇನೆ: ಅಂಗಡಿಯ ಪುಸ್ತಕ. ತಿಂಗಳ ಕೊನೆಯಲ್ಲಿ ಬರೆಸುವ ಅಂಗಡಿ ಒಂದೇ ಇರುತ್ತದೆ. ಏಳನೇ ತಾರೀಖು ಸಂಬಳ ಬಂದಾಗ ಅವರ ಬಾಕಿ ಕೊಟ್ಟು, ಕಣ್ಣೆದುರೇ ಸಂತೆಗೆ ಚೀಲ ಹಿಡಿದು ಹೋದರೆ ಮುಖ ಗಂಟು ಹಾಕುತ್ತಾರೆ. ಮುಂದಿನ ತಿಂಗಳು ಬರೆದುಕೊಳ್ಳುವುದಿಲ್ಲ. ಅದಕ್ಕೆ ದುಡ್ಡಿದ್ದಾಗಲೂ ಅಲ್ಲೇ ಕೊಳ್ಳುತ್ತೇವೆ. ಅವರನ್ನೂ ಬೈಯುವ ಹಾಗಿಲ್ಲ. ಕೊರೊನಾ ಸಮಯದಲ್ಲಿ ಫ್ಯಾಕ್ಟರಿ ಮುಚ್ಚಿದಾಗ ನಮ್ಮ ಮನೆಯ ಒಲೆ ಹೊತ್ತಿದ್ದು ಆ ಅಂಗಡಿಯಿಂದಲೇ.

ಕೆಎ18_ಮಲ್ನಾಡು
ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಇಲ್ಲೂ ಅದೇ ಕಥೆ, ಸಂತೆ ಬುಧವಾರ ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ಸಣ್ಣ ಮನೆಗಳನ್ನೂ ಟೂರಿಸ್ಟರಿಗೆ ದಿನದ ಲೆಕ್ಕದಲ್ಲಿ ಕೊಡಲು ಶುರು ಮಾಡಿದ್ದಾರೆ. ಕೂಲಿಯವರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಮನೆ ಸುತ್ತ ಕಾಫಿ ತೋಟ, ಕಾಫಿ ಪುಡಿ ಮಾತ್ರ ಮುಟ್ಟುವ ಹಾಗಿಲ್ಲ. 2025ರಲ್ಲಿ ಪುಡಿ ರೇಟು ಏರಿದ ಮೇಲೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಮಾತ್ರ ಕಾಫಿ, ಸಂಜೆ ಟೀ. ಕಾಫಿ ಕೊಯ್ಲಿಗೆ ಹೋಗುವ ಅತ್ತಿಗೆಯೂ ಟೀ ಕುಡಿದೇ ಹೋಗುತ್ತಾರೆ!

ಸೊಸೈಟಿ_ಕ್ಯೂ
ಅಕ್ಕಿ ಬಗ್ಗೆ ಯಾರೂ ನೇರವಾಗಿ ಹೇಳುತ್ತಿಲ್ಲ, ನಾನು ಹೇಳುತ್ತೇನೆ. 2025ರಲ್ಲಿ ನಾಲ್ಕು ಹೆಸರಿನ ಕಾರ್ಡಿಗೆ ತಲೆಗೆ ಹತ್ತರಂತೆ 40 ಕೆ.ಜಿ. ಆಗುತ್ತಿತ್ತು. ಹಾಸನದವರು ನಾವು, ರಾತ್ರಿ ಮುದ್ದೆ ಇಲ್ಲದೆ ಊಟ ಇಲ್ಲ. ಅಷ್ಟು ಅಕ್ಕಿ ಉಣ್ಣುವುದಿಲ್ಲ. ಉಳಿದದ್ದನ್ನು ಬೀದಿಗೆ ಬರುವವನಿಗೆ ಕೊಟ್ಟು ಆ ದುಡ್ಡಿನಲ್ಲಿ ಎಣ್ಣೆ ತರುವ ಮನೆಗಳು ಇವೆ. ಅದು ಅಪರಾಧ, ಕಾರ್ಡ್ ಹೋಗುತ್ತದೆ. ಮಾಡಿ ಅಂತ ಹೇಳುತ್ತಿಲ್ಲ. ಆದರೆ "ಫ್ರೀ ಅಕ್ಕಿ ಮಾರಿಕೊಳ್ಳುವ ಸೋಮಾರಿಗಳು" ಅಂತ ಬೈಯುವವರು ಒಂದು ಸಲ ಯೋಚಿಸಲಿ. ಆ ದುಡ್ಡಿಗೆ ಅವರು ತರುವುದು ಎಣ್ಣೆ, ಬೇಳೆ.

2023ರ ಜುಲೈನಿಂದ ಕೆಲವು ಕಾಲ ಅಕ್ಕಿ ಬದಲು ದುಡ್ಡು ಬರುತ್ತಿತ್ತಲ್ಲ. ಕೇಂದ್ರದವರು ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದ್ದರಿಂದ ಹೆಚ್ಚುವರಿ ಐದು ಕೆ.ಜಿ.ಗೆ ಕೆ.ಜಿ.ಗೆ 34 ರೂಪಾಯಿಯಂತೆ, ತಲೆಗೆ 170 ಹಾಕುತ್ತಿದ್ದರು. ನಮ್ಮ ಮನೆಗೆ ನಾಲ್ಕು ಹೆಸರಿಗೆ 680. ನನ್ನ ಕೇಳಿದರೆ ಅದೇ ಚೆನ್ನಾಗಿತ್ತು. ಎರಡು ಲೀಟರ್ ಎಣ್ಣೆ, ಎರಡು ಕೆ.ಜಿ. ಬೇಳೆ ಸಲೀಸಾಗಿ ಬರುತ್ತಿತ್ತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ ಮಾಡಿದರು.

ಗಾರ್ಮೆಂಟ್ಸ್_ಅಕ್ಕ
ದುಡ್ಡು ಯಾರ ಅಕೌಂಟಿಗೆ ಬರುತ್ತದೆ ಅನ್ನುವುದರ ಮೇಲೆ ಇದೆ. ನಮ್ಮ ಓಣಿಯಲ್ಲಿ ಮೂರು ಮನೆಯಲ್ಲಿ ಅದು ಬಾರಿನ ಬಾಗಿಲು ದಾಟಲಿಲ್ಲ. ಅಕ್ಕಿಯಾದರೆ ಮನೆಗಾದರೂ ಬರುತ್ತದೆ.

ಸೊಸೈಟಿ_ಕ್ಯೂ
ಅದೂ ನಿಜ ಅಕ್ಕ. ಅದಕ್ಕೇ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಬೇಕು ಅಂತ 2025ರ ಅಕ್ಟೋಬರ್‌ನಲ್ಲಿ ಸಂಪುಟದಲ್ಲಿ ತೀರ್ಮಾನ ಆಗಿದ್ದು. ಅಡುಗೆಮನೆ ಗೊತ್ತಿರುವವರು ಯಾರೋ ಆ ಸಭೆಯಲ್ಲಿ ಇದ್ದರು ಅಂತ ಕಾಣುತ್ತದೆ. ಎಣ್ಣೆ ವಿಷಯದಲ್ಲಂತೂ ಬೇಕೇ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಹೊರದೇಶದ ಅಡುಗೆ ಎಣ್ಣೆಗೆ ಸುಂಕ ಏರಿಸಿದ ಮೇಲೆ ಪಾಮ್ ಎಣ್ಣೆಯೂ ನಮ್ಮ ಕೈಗೆ ಸಿಗದ ಹಾಗಾಯಿತು. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಸುಂಕ ಸ್ವಲ್ಪ ಇಳಿಸಿದರು. ಅಂಗಡಿಯಲ್ಲಿ ಏರುವಾಗ ಇರುವ ವೇಗ ಇಳಿಯುವಾಗ ಇರುವುದಿಲ್ಲ.

@ಫಾಲ್ಸ್_ಜಿಗ್‌ಜಾಗ್, ಐದು ಜನ ಇದ್ದೀರಿ ಎಂದಿರಿ. ಕಾರ್ಡಿನಲ್ಲಿ ಐದೂ ಹೆಸರು ಇದೆಯಾ?

ಫಾಲ್ಸ್_ಜಿಗ್‌ಜಾಗ್
ಇಲ್ಲ, ಚಿಕ್ಕವಳದ್ದು ಸೇರಿಲ್ಲ. ಹೋದಾಗಲೆಲ್ಲ ಸರ್ವರ್ ಇಲ್ಲ, ಈಗ ಓಪನ್ ಇಲ್ಲ ಎನ್ನುತ್ತಾರೆ.

ಸೊಸೈಟಿ_ಕ್ಯೂ
ಅವಳ ಜನನ ಪ್ರಮಾಣಪತ್ರ, ಆಧಾರ್ ಎರಡನ್ನೂ ರೆಡಿ ಇಟ್ಟುಕೊಳ್ಳಿ. ತಿದ್ದುಪಡಿಗೆ ಆಗಾಗ ಕೆಲವೇ ದಿನ ಬಿಡುತ್ತಾರೆ. ಸೊಸೈಟಿಯವರಿಗೆ ಮೊದಲೇ ಗೊತ್ತಾಗಿರುತ್ತದೆ, ಅವರ ನಂಬರ್ ಇಟ್ಟುಕೊಳ್ಳಿ. ಬಿಟ್ಟ ದಿನ ಬೆಳಿಗ್ಗೆಯೇ ಹೋಗಿ. ಹಾಗೆಯೇ ಎಲ್ಲರ ಹೆಬ್ಬೆಟ್ಟು ಇ-ಕೆವೈಸಿ ಆಗಿದೆಯಾ ನೋಡಿ. ಅದಿಲ್ಲದಿದ್ದರೆ ಇರುವ ಹೆಸರೂ ನಿಂತುಹೋಗಬಹುದು.

ಲೆಕ್ಕದ_ಮೇಷ್ಟ್ರು
ಕರೆಂಟಿಗೆ 200 ಯಾಕೆ ಕೊಡುತ್ತಿದ್ದೀರಿ? ಗೃಹಜ್ಯೋತಿ ಇಲ್ಲವೇ?

ಫಾಲ್ಸ್_ಜಿಗ್‌ಜಾಗ್
ಮೂರು ಮನೆಗೆ ಒಂದೇ ಮೀಟರ್. ಒಂದೊಂದು ಮನೆಗೂ ಒಂದು ಸಣ್ಣ ಮೀಟರ್ ಹಾಕಿ ಓನರೇ ಬಿಲ್ ಹಂಚುತ್ತಾರೆ.

ಲೆಕ್ಕದ_ಮೇಷ್ಟ್ರು
ಮೂರು ಮನೆ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅದೇ ಆಗಿರುತ್ತದೆ. ನಿಮ್ಮ ಮನೆಗೆ ಬೇರೆ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಇದ್ದಿದ್ದರೆ ಬಾಡಿಗೆದಾರರಾದರೂ ನೀವೇ ಅರ್ಜಿ ಹಾಕಬಹುದಿತ್ತು. ಹಿಂದಿನ ಬಳಕೆಯ ಲೆಕ್ಕ ಇಲ್ಲದ ಮನೆಗೆ 58 ಯೂನಿಟ್ ಸಿಗುತ್ತದೆ. ನಿಮ್ಮ ಮನೆಗೆ ಅದು ಧಾರಾಳ. ಬೇರೆ ಮೀಟರಿಗೆ ಚೆಸ್ಕಾಂ ಕಚೇರಿಯಲ್ಲಿ ಏನು ಖರ್ಚು ಬೀಳುತ್ತದೆ ಕೇಳಿ. ಮೂರೂ ಬಾಡಿಗೆ ಮನೆಯವರು ಒಟ್ಟಿಗೆ ಓನರ್ ಹತ್ತಿರ ಕೂತು ಮಾತಾಡಿ. ಒಬ್ಬರೇ ಹೋದರೆ "ಇಷ್ಟ ಇಲ್ಲದಿದ್ದರೆ ಖಾಲಿ ಮಾಡಿ" ಎನ್ನುತ್ತಾರೆ.

ಅತ್ತೆಗೆ ವಯಸ್ಸೆಷ್ಟು? 65 ಆಗಿದ್ದರೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ಇದೆ. ನಾಡಕಚೇರಿಯಲ್ಲಿ ವಿಚಾರಿಸಿ. ಬಿಪಿ, ಶುಗರ್ ಮಾತ್ರೆಗೆ ದುಡ್ಡು ಕೊಡುವ ಮುಂಚೆ ಹತ್ತಿರದ ನಗರ ಆರೋಗ್ಯ ಕೇಂದ್ರದಲ್ಲೋ ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲೋ ಕೇಳಿ. ಅಲ್ಲಿ ಉಚಿತ.

ಫಾಲ್ಸ್_ಜಿಗ್‌ಜಾಗ್
ಅತ್ತೆಗೆ 66. ಗೃಹಲಕ್ಷ್ಮಿ ಅವರ ಹೆಸರಿಗೇ ಬರುತ್ತದೆ, ಕಾರ್ಡಿನ ಯಜಮಾನಿ ಅವರೇ. ಬಂದ ತಿಂಗಳು ಗ್ಯಾಸಿಗೆ ಅವರೇ ಕೊಡುತ್ತಾರೆ. ಯಾವ ತಿಂಗಳು ಬರುತ್ತದೆ ಅಂತ ಗೊತ್ತಿಲ್ಲದ ಕಾರಣ ಮೇಲಿನ ಲೆಕ್ಕದಲ್ಲಿ ಹಿಡಿದಿಲ್ಲ. ಸಂಧ್ಯಾ ಸುರಕ್ಷಾ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಸೋಮವಾರ ಹೋಗಿ ಕೇಳುತ್ತೇನೆ.

ಕೆಎ13_ಆಟೋ
ಯಜಮಾನರು ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಾರೆ? ಟೌನ್ ಒಳಗೆ ಕೆಲಸ ಇದ್ದರೆ ಇಂದಿರಾ ಕ್ಯಾಂಟೀನ್ ನೋಡಲಿ. ತಿಂಡಿ ಐದು, ಊಟ ಹತ್ತು. 2017ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದಾಗಿನ ರೇಟು. ಹೋಟೆಲಿನಲ್ಲಿ ಹತ್ತು ರೂಪಾಯಿಗೆ ಈಗ ಅರ್ಧ ಟೀ ಬರುವುದಿಲ್ಲ. ನಾನು ಬಾಡಿಗೆ ಇಲ್ಲದ ದಿನ ಅಲ್ಲೇ.

ಫಾಲ್ಸ್_ಜಿಗ್‌ಜಾಗ್
ಸೈಟು ಹೆಚ್ಚಾಗಿ ಊರ ಹೊರಗೆ, ಹೊಸ ಲೇಔಟುಗಳಲ್ಲಿ ಅಣ್ಣ. ಅಲ್ಲಿಂದ ಬಂದು ಹೋಗುವ ಪೆಟ್ರೋಲೇ ಊಟಕ್ಕಿಂತ ಜಾಸ್ತಿ. ಡಬ್ಬಿ ಕಟ್ಟುತ್ತೇನೆ. ಮಕ್ಕಳದ್ದು ಮಧ್ಯಾಹ್ನ ಶಾಲೆಯಲ್ಲೇ ಆಗುತ್ತದೆ. ಹಾಲು ಕೊಡುತ್ತಾರೆ, ಈಗ ವಾರಕ್ಕೆ ಆರು ದಿನ ಮೊಟ್ಟೆಯೂ ಇದೆ. ನಿಜ ಹೇಳಬೇಕೆಂದರೆ ಶಾಲೆ ನಡೆಯುವಾಗ ನನಗೆ ನೆಮ್ಮದಿ. ಏಪ್ರಿಲ್, ಮೇ ಬಂದರೆ ಭಯ. ಇಬ್ಬರೂ ಮನೆಯಲ್ಲಿ, ಹಸಿವು ಜಾಸ್ತಿ, ಮಧ್ಯಾಹ್ನದ್ದು, ಸಂಜೆಯದ್ದು ಎಲ್ಲ ನಮ್ಮದೇ. ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿದ್ದೂ 2025ರ ಏಪ್ರಿಲ್ ಒಂದಕ್ಕೇ, ಮುಂದಿನ ವಾರವೇ ಗ್ಯಾಸ್ ಐವತ್ತು.

ಬಿಎಂರೋಡ್_ಗೌಡ್ರು
ರಜೆಯ ವಿಷಯ ನನಗೆ ಹೊಳೆದಿರಲಿಲ್ಲ. ಉಜ್ವಲ ಗ್ಯಾಸ್ ಇದೆಯೇನಮ್ಮ? ಸಿಲಿಂಡರಿಗೆ 300 ಸಬ್ಸಿಡಿ ಬರುತ್ತದೆ.

ಫಾಲ್ಸ್_ಜಿಗ್‌ಜಾಗ್
ಇಲ್ಲ ಅಣ್ಣ, ಮದುವೆಯಾದಾಗಲೇ ಯಜಮಾನರ ಹೆಸರಲ್ಲಿ ಕನೆಕ್ಷನ್ ಇತ್ತು. ಮನೆಯಲ್ಲಿ ಒಂದು ಇದ್ದರೆ ಉಜ್ವಲ ಕೊಡುವುದಿಲ್ಲ. ಸ್ನಾನದ ನೀರಿಗೆ ಸೌದೆ ಒಲೆ ಹಚ್ಚುತ್ತೇವೆ, ಸಿಲಿಂಡರ್ 40 ದಿನ ಎಳೆಯುತ್ತದೆ.

ತರಕಾರಿ_ಗಾಡಿ
ದಿನಸಿಗೆ ಒಂದು ಮಾತು. ಪ್ಯಾಕೆಟ್ ಬೇಳೆ ಬಿಟ್ಟು ಮೂಟೆಯಿಂದ ಅಳೆದು ಕೊಡುವ ಬಿಡಿ ಬೇಳೆ ತನ್ನಿ. 2022ರ ಜುಲೈನಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕೆ.ಜಿ. ತನಕ ಶೇ 5 ಜಿಎಸ್‌ಟಿ. ಬಿಡಿಗೆ ಇಲ್ಲ. ಮಾರ್ಕೆಟ್ಟಿನಲ್ಲಿ 26 ಕೆ.ಜಿ. ಅಕ್ಕಿ ಮೂಟೆ ಯಾಕೆ ಬಂತು ಅಂತೀರಿ? ಅದಕ್ಕೇ.

ಗಾರ್ಮೆಂಟ್ಸ್_ಅಕ್ಕ
ನಾವು ನಾಲ್ಕು ಮನೆಯವರು ಸೇರಿ ಬೇಳೆ, ಹುರುಳಿಕಾಳು ಒಟ್ಟಿಗೆ ತಂದು ಹಂಚಿಕೊಳ್ಳುತ್ತೇವೆ. ಸಂಬಳ ಬರುವ ಏಳನೇ ತಾರೀಖು ನಾನು ದುಡ್ಡು ಹಾಕುತ್ತೇನೆ, ಉಳಿದವರು ವಾರದೊಳಗೆ ಕೊಡುತ್ತಾರೆ. ಒಬ್ಬರು ಎರಡು ತಿಂಗಳಿಂದ ಕೊಟ್ಟಿಲ್ಲ, ಅದೊಂದು ತಲೆನೋವು ಇದ್ದೇ ಇದೆ. ಆದರೂ ಲಾಭವೇ. ಬೀದಿ ಅಂಗಡಿಯಲ್ಲಿ ಹಾಲು, ಸೋಪು, ಪುಡಿ ಮೊದಲಿನ ಹಾಗೇ ಕೊಳ್ಳುತ್ತೇನೆ, ಅವರ ಮುಖವೂ ಕೆಡುವುದಿಲ್ಲ. ನಿಮ್ಮ ಕಡೆ ಅಂಥ ಮೂರು ಮನೆ ಇವೆಯಾ?

ಫಾಲ್ಸ್_ಜಿಗ್‌ಜಾಗ್
ಅದೇ ಮೀಟರಿನ ಎರಡು ಮನೆ ಇವೆ ಅಕ್ಕ. ಮೀಟರ್ ಮಾತಾಡುವಾಗಲೇ ಇದನ್ನೂ ಕೇಳುತ್ತೇನೆ. ಆದರೆ ಮೊದಲ ಸಲಕ್ಕೆ ಹಾಕುವ ದುಡ್ಡು ನಮ್ಮ ಮೂವರಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಹತ್ತು ಕೆ.ಜಿ. ಬೇಳೆ ಬೇಡ, ಬರೀ ಎಣ್ಣೆ ಟಿನ್ನಿನಿಂದ ಶುರು ಮಾಡಿದರೆ? 15 ಲೀಟರ್ ಟಿನ್ ಈಗ ಸಂತೆಪೇಟೆಯಲ್ಲಿ ಎಷ್ಟಿದೆ, ಯಾರಾದರೂ ಈ ವಾರ ಕೇಳಿದ್ದೀರಾ?

ತರಕಾರಿ_ಗಾಡಿ
ನಾಳೆ ಆ ಕಡೆ ಹೋಗುತ್ತೇನೆ, ಎರಡು ಅಂಗಡಿಯಲ್ಲಿ ಕೇಳಿ ಹಾಕುತ್ತೇನೆ. ಪಾಮ್ ಬೇಕಾ, ಸನ್‌ಫ್ಲವರ್ ಬೇಕಾ?